ಬೇಲಿಯಾಚೆ ಬಿದ್ದ ಬಾತು

ಏಳು ಚಳಿಗಾಲಗಳಲ್ಲಿ ಇಂದುಶೇಖರ ಹೊಡೆದದ್ದು ನೂರಾ ಹನ್ನೊಂದು ಕಾಡುಬಾತುಗಳನ್ನು. ಅವುಗಳಲ್ಲಿ ಒಂದನ್ನೂ ಅವನು ಬಿದ್ದಲ್ಲಿ ಬಿಟ್ಟು ಬಂದವನಲ್ಲ. ಸತ್ತದ್ದನ್ನು ಎತ್ತಿಕೊಂಡು ಬಂದಿದ್ದ. ಗಾಯಗೊಂಡು ಜೊಂಡಿನೊಳಗೆ ನುಸುಳಿದ್ದನ್ನು ನಾಯಿಯಿಂದ ಹುಡುಕಿಸಿ, ಕತ್ತು ಮುರಿದು, ನೋವು ಮುಗಿಸಿ ತಂದಿದ್ದ. ಒಮ್ಮೆ ಅಂಗೈಯಗಲದ ಒಂದು ಟೀಲ್ ಬಾತಿಗಾಗಿ ತೊಡೆಮಟ್ಟದ ಕೆಸರಿನಲ್ಲಿ ಮೂರು ಗಂಟೆ ತಡಕಾಡಿ, ಮರುದಿನ ಜ್ವರ ಬಂದು ಮಲಗಿದ್ದೂ ಉಂಟು. ಇಂಗ್ಲೆಂಡಿನ ಸೊಲಿಹಲ್‌ನ ಕಾರು ಕಾರ್ಖಾನೆಯಲ್ಲಿ ಬ್ರೇಕುಗಳನ್ನು ಪರೀಕ್ಷಿಸುವ ಎಂಜಿನಿಯರನಾದ ಅವನಿಗೆ ಈ ಹುಚ್ಚು ಹಿಡಿಸಿದವನು ಅದೇ ಕಾರ್ಖಾನೆಯ ಕಾಲಿನ್. ಮೊದಲ ದಿನ ಕೈಗೆ ಕೋವಿ ಕೊಡುವ ಮುಂಚೆ ಕಾಲಿನ್ ಹೇಳಿದ್ದು ಒಂದೇ ಮಾತು: ನಿನ್ನಿಂದ ತಂದುಕೊಳ್ಳಲಾಗದ ಹಕ್ಕಿಗೆ ಗುರಿಯಿಡಬೇಡ. ಇಂದುಶೇಖರ ಆ ಮಾತನ್ನು ದೀಕ್ಷೆಯಂತೆ ಹಿಡಿದಿದ್ದ.

ಹೆದ್ದಾರಿಯಿಂದ ಹತ್ತು ನಿಮಿಷದ ಒಳದಾರಿಯಲ್ಲಿ ಕಾಲಿನ್‌ನ ಅಣ್ಣನ ಹೊಲವಿತ್ತು. ಹೊಲದ ತಗ್ಗಿನಲ್ಲೊಂದು ಕೊಳ. ಕೊಳಕ್ಕೂ ಅದರಾಚೆಯ ದೊಡ್ಡ ಕೆರೆಗೂ ನಡುವೆ ಒಂದು ಮುಳ್ಳುಪೊದೆಯ ಸಾಲು, ಒಂದು ತಂತಿಬೇಲಿ. ಹಿಂದೊಮ್ಮೆ ಜಲ್ಲಿಕಲ್ಲು ತೆಗೆದು ಬಿಟ್ಟ ಹಳ್ಳದಲ್ಲಿ ನೀರು ತುಂಬಿ ಆದ ಕೆರೆ ಅದು; ಈಗ ಹಕ್ಕಿಗಳ ರಕ್ಷಿತ ತಾಣ. ಬೇಲಿಯ ಈಚೆ ಕೋವಿಗೆ ಅನುಮತಿ. ಆಚೆ ಕೋವಿಯ ನೆರಳೂ ಬೀಳುವಂತಿಲ್ಲ. ಕೊಳದಲ್ಲಿ ಬೇಟೆಯಾಡುವ ಆರು ಜನ ತಮ್ಮದೇ ಕಟ್ಟುಪಾಡು ಮಾಡಿಕೊಂಡಿದ್ದರು. ಮೂರು ವಾರಕ್ಕೊಮ್ಮೆ ಮಾತ್ರ ಕೋವಿ ಸದ್ದು ಮಾಡಬೇಕು. ಸೀಸದ ಚರೆ ನೀರಿಗೆ ವಿಷ, ಆದ್ದರಿಂದ ಉಕ್ಕಿನ ಚರೆಯೇ ಆಗಬೇಕು. ಏಳು ದಿನ ಬಿಡದೆ ಹಿಮಗಟ್ಟಿದರೆ ಹಸಿದ ಹಕ್ಕಿಗಳ ತಂಟೆಗೆ ಹೋಗಬಾರದು. ಅತಿಥಿಯನ್ನು ಕರೆತಂದವನು ತನ್ನ ಕೋವಿಯೊಂದನ್ನೇ ಇಬ್ಬರ ನಡುವೆ ಇಟ್ಟುಕೊಂಡು ಅತಿಥಿಯ ಮಗ್ಗುಲಲ್ಲೇ ನಿಲ್ಲಬೇಕು, ಪ್ರತಿಯೊಂದು ಗುಂಡಿಗೂ ‘ಹೂಂ’ ಅಥವಾ ‘ಬೇಡ’ ಅನ್ನುವ ಹೊಣೆ ಅವನದು.

ಜನವರಿಯ ಆ ಶನಿವಾರದ ಅತಿಥಿ ಇಂದುಶೇಖರನ ಅಕ್ಕ ನಾಗಮಣಿಯ ಗಂಡ ಮೃತ್ಯುಂಜಯ. ಹಾವೇರಿಯ ನೀರಾವರಿ ಇಲಾಖೆಯಲ್ಲಿ ಮೂವತ್ತೈದು ವರ್ಷ ಅಧಿಕಾರ ನಡೆಸಿ ನಿವೃತ್ತರಾದವರು. ಪಿಯುಸಿಯಿಂದ ಎಂಜಿನಿಯರಿಂಗ್ ಮುಗಿಯುವವರೆಗೆ ಆರು ವರ್ಷ ಇಂದುಶೇಖರ ಉಂಡದ್ದು, ಮಲಗಿದ್ದು ಅವರ ಕ್ವಾರ್ಟರ್ಸಿನಲ್ಲೇ. ಆ ಆರು ವರ್ಷಗಳಲ್ಲಿ ಅವರಿಗೆ ಒಮ್ಮೆಯೂ ಎದುರಾಡಿದವನಲ್ಲ. ಹೊಟ್ಟೆ ಬಿರಿಯುವಾಗಲೂ ಭಾವ ತಟ್ಟೆಗೆ ಹಾಕಿದ ನಾಲ್ಕನೆಯ ರೊಟ್ಟಿಯನ್ನು ತಲೆ ತಗ್ಗಿಸಿ ತಿಂದವನು.

ಮೂರು ವಾರದ ಹಿಂದೆ ನಾಗಮಣಿಯೊಂದಿಗೆ ಇಂದುಶೇಖರನ ಮನೆಗೆ ಬಂದಿದ್ದ ಅವರು ಮುಂದಿನ ವಾರ ಊರಿಗೆ ಹೊರಡುವವರಿದ್ದರು. ಹೋಗುವ ಮುನ್ನ ಒಂದು ಸಲ ಕೋವಿ ಹಿಡಿಯಬೇಕೆಂಬ ಆಸೆಯನ್ನು ಅವರು ಬಾಯಿಬಿಟ್ಟು ಕೇಳಿರಲಿಲ್ಲ. ಗೋಡೆಯಲ್ಲಿ ಭದ್ರಮಾಡಿದ್ದ ಕೋವಿಯ ಕಬ್ಬಿಣದ ಕಪಾಟಿನ ಮುಂದೆ ದಿನಕ್ಕೆರಡು ಸಲ ಸುಮ್ಮನೆ ನಿಂತು ಹೋಗುತ್ತಿದ್ದರು. ಅದು ಸಾಕಾಗಿತ್ತು. ಇಂದುಶೇಖರ ಹೊಲದ ಯಜಮಾನನಿಂದ ಬರಹದಲ್ಲಿ ಅನುಮತಿ ತಂದ, ಬೇಟೆಯ ಸರದಿಪಟ್ಟಿಯಲ್ಲಿ ಕಾಲಿನ್‌ನ ಪಾಳಿಯನ್ನು ತನ್ನದಕ್ಕೆ ಬದಲಾಯಿಸಿಕೊಂಡ. ಹಿಮಗಟ್ಟತೊಡಗಿ ಐದು ದಿನಗಳಾಗಿದ್ದವು. ಇನ್ನೂ ಏಳು ತುಂಬಿರಲಿಲ್ಲ.

ಕಾರಿನಲ್ಲಿ ಅವನು ಕಟ್ಟುಪಾಡುಗಳನ್ನು ಒಂದೊಂದಾಗಿ ಹೇಳಿದ. ಆದರೆ ‘ನಾನು ಹೇಳುತ್ತೇನೆ’ ಎಂದು ಹೇಳುವ ಧೈರ್ಯವಿಲ್ಲದೆ, ‘ಇಲ್ಲಿಯವರು ಹೀಗನ್ನುತ್ತಾರೆ’ ಎಂದು ಹೇಳಿದ.

“ಹಕ್ಕಿ ಹೊಡಿಯಾಕ ಹೊಂಟೀವೋ, ಪರೀಕ್ಷೆ ಬರಿಯಾಕ ಹೊಂಟೀವೋ?” ಎಂದರು ಮೃತ್ಯುಂಜಯ, ಮಂಕಿಕ್ಯಾಪಿನೊಳಗಿಂದ. “ನಾ ಕೆರೀ ಏರಿ ಮ್ಯಾಲೆ ನಿಂತು ಬಾತು ಕೆಡವೂ ಕಾಲಕ್ಕ ನಿನಗ ಇನ್ನಾ ಚಡ್ಡಿ ಗುಂಡಿ ಹಾಕ್ಕೊಳ್ಳಾಕ ಬರ್ತಿರ್ಲಿಲ್ಲ.”

ಹಿಂದಿನ ಸೀಟಿನಲ್ಲಿ ಮಲಗಿದ್ದ ಕಪ್ಪು ಲ್ಯಾಬ್ರಡಾರ್ ಮಲ್ಲಿ, ಕನ್ನಡದ ದನಿ ಏರಿದ್ದಕ್ಕೆ ಕಿವಿಯೆತ್ತಿತು. ಅದನ್ನು ಇಂದುಶೇಖರ ಮರಿಯಿಂದಲೂ ಕನ್ನಡದಲ್ಲಿಯೇ ಪಳಗಿಸಿದ್ದ. ಅದಕ್ಕೊಂದು ಲೆಕ್ಕಾಚಾರವಿತ್ತು. ಹತ್ತು ಜನ ಹತ್ತು ನಾಯಿಗಳೊಂದಿಗೆ ಸೇರುವ ಬೇಟೆಯ ದಿನಗಳಲ್ಲಿ ಒಬ್ಬ ‘ಫೆಚ್’ ಎಂದು ಕೂಗಿದರೆ ಮೂರು ನಾಯಿಗಳು ಓಡುತ್ತವೆ, ಮಲ್ಲಿ ಕದಲುತ್ತಿರಲಿಲ್ಲ. ‘ತಗೊಂಡ್ ಬಾ’ ಎಂದು ಒಡೆಯ ಹೇಳಿದಾಗ ಮಾತ್ರ ಎದ್ದು ಹೋಗುತ್ತಿತ್ತು. ಇಂಗ್ಲೆಂಡಿನಲ್ಲಿ ತನ್ನೊಬ್ಬನ ಮಾತನ್ನೇ ಕೇಳುವ ನಾಯಿ ಎಂದು ಇಂದುಶೇಖರ ಬೀಗುತ್ತಿದ್ದ.

ಕೊಳದ ದಡದಲ್ಲಿ ಒಣಜೊಂಡಿನ ಮರೆ ಕಟ್ಟಿತ್ತು. ತಳದಲ್ಲಿ ಒರತೆಯಿದ್ದುದರಿಂದ ಕೊಳದ ನೀರು ಹೆಪ್ಪುಗಟ್ಟಿರಲಿಲ್ಲ, ಆವಿಯಾಡುತ್ತಿತ್ತು. ಬೇಲಿಯಾಚೆಯ ದೊಡ್ಡ ಕೆರೆ ಮಾತ್ರ ದಡದಿಂದ ದಡಕ್ಕೆ ಬಿಳಿಚಿಕೊಂಡು ಬಿದ್ದಿತ್ತು. ಅದರ ತುದಿಯಲ್ಲಿ ಒಂದಿಷ್ಟು ಕಪ್ಪು ನೀರು. ನಾನೂರರಷ್ಟು ಬಾತುಗಳು ಹಗಲಿರುಳು ಅಲ್ಲಿ ಈಜಾಡುತ್ತ, ತಮ್ಮ ಕಾಲುಗಳಿಂದಲೇ ಆ ನೀರನ್ನು ಹೆಪ್ಪಾಗಲು ಬಿಡದೆ ಕಾಯ್ದುಕೊಂಡಿದ್ದವು.

ಎಂಟು ಗಂಟೆಗೆ ಮುಂಚೆ ಮೊದಲ ಗುಂಪು ಬಂತು. ಇಂದುಶೇಖರ ‘ಹೂಂ’ ಎಂದ. ಮೃತ್ಯುಂಜಯರ ಗುಂಡು ಆಕಾಶಕ್ಕೆ ಹೋಯಿತು. ಎರಡನೆಯ ಸಲ ‘ಹೂಂ’ ಎಂದಾಗ ಹಸಿರುತಲೆಯ ಗಂಡು ಮಲ್ಲಾರ್ಡ್ ಒಂದು ರೆಕ್ಕೆ ಮಡಿಚಿಕೊಂಡು ಕೊಳದ ನಡುವೆ ಬಿತ್ತು. ಬೀಳುವ ಮೊದಲೇ ಸತ್ತಿತ್ತು. ಮಲ್ಲಿ ಈಜಿಹೋಗಿ ತಂದು ಕಾಲಬಳಿ ಇಟ್ಟಿತು. ಅರವತ್ತೆಂಟರ ಮೃತ್ಯುಂಜಯರ ಮುಖ ಹದಿನೆಂಟರ ಹುಡುಗನದ್ದಾಯಿತು. ಆಗಲೇ ಸಾಕೆನ್ನಬೇಕಿತ್ತು. ಇಂದುಶೇಖರನೂ ಸಾಕೆಂದೇ ಅಂದುಕೊಂಡ. ಆದರೆ ಆ ಮುಖ ನೋಡಿ ಇನ್ನೊಂದೇ ಒಂದು ಎಂದು ಗುಂಡು ತುಂಬಿಕೊಟ್ಟ.

ಹೆಣ್ಣುಬಾತು ಒಂಟಿಯಾಗಿ ಬಂತು. ಕೊಳದ ಮೇಲೆ ಇಳಿಯುವಂತೆ ಬಾಗಿ, ಏನನ್ನೋ ಕಂಡು ಮನಸ್ಸು ಬದಲಿಸಿ, ಬೇಲಿಯ ಕಡೆಗೆ ತಿರುಗಿ ದೂರವಾಗತೊಡಗಿತು. ಅಲ್ಲಿ ಹೊಡೆದರೆ ಬೀಳುವುದು ಆಚೆಗೇ, ಆಚೆ ತೆಳುಹಿಮ. ಇಂದುಶೇಖರ ‘ಹೂಂ’ ಎನ್ನಲಿಲ್ಲ. ಮೃತ್ಯುಂಜಯರು ಕಾಯಲೂ ಇಲ್ಲ. ಅವರ ಹೆಗಲಿಗೆ ಕೋವಿ ಏರಿತು, ನಳಿಗೆ ಹಕ್ಕಿಯನ್ನು ಹಿಂಬಾಲಿಸಿತು. ‘ಬೇಡ’ ಎನ್ನಲು ಬೇಕಾದಷ್ಟು ಹೊತ್ತು ಇತ್ತು. ಆ ಮಾತು ಅವನ ಗಂಟಲವರೆಗೆ ಬಂತು ಕೂಡ. ಅಲ್ಲಿ, ಆರು ವರ್ಷ ಉಂಡ ಮನೆಯ ಹಿರಿಯನ ಮುಂದೆ, ಎಂದಿನಂತೆ ತಲೆ ತಗ್ಗಿಸಿ ನಿಂತುಬಿಟ್ಟಿತು.

ಗುಂಡು ಹಾರಿತು. ಹಕ್ಕಿ ಒಂದು ಬದಿಗೆ ವಾಲಿ, ಮುಳ್ಳುಪೊದೆಗಳ ಮೇಲಿಂದ ಜಾರುತ್ತ ಹೋಗಿ, ಹಿಮದ ಮೇಲೆ ಬಿದ್ದು, ಉರುಳಿ, ಕುಳಿತುಕೊಂಡಿತು.

“ಬಿತ್ತು ನೋಡು,” ಎಂದರು ಮೃತ್ಯುಂಜಯ.

“ಬೇಲಿ ಆಚೆ ಬಿತ್ರಿ, ಭಾವ.”

“ಬಿದ್ರ ಏನಾತು? ನಾಯಿ ಐತಲ್ಲ.”

ಇಂದುಶೇಖರ ಕೋವಿಯನ್ನು ತೆಗೆದುಕೊಂಡು ಬರಿದುಮಾಡಿ, ಚೀಲಕ್ಕೆ ಹಾಕಿ, ಕಾರಿನಲ್ಲಿಟ್ಟು ಬೀಗ ಹಾಕಿಬಂದ. ಬೇಲಿ ದಾಟುವುದಕ್ಕೆ ಮುಂಚೆ ತಾಣದ ಮೇಲ್ವಿಚಾರಕಿಗೆ ಫೋನ್ ಮಾಡಬೇಕೆಂಬುದು ಒಪ್ಪಂದ. ಹೀದರ್ ಎಂಬ ಆ ಹೆಂಗಸು ಐದನೆಯ ಸಲಕ್ಕೆ ಎತ್ತಿಕೊಂಡಳು. ಇನ್ನೊಂದು ತಾಣದಲ್ಲಿದ್ದಾಳಂತೆ, ರಸ್ತೆಯೆಲ್ಲ ಜಾರುತ್ತಿದೆಯಂತೆ, ಬರಲು ಎರಡು ಗಂಟೆ ಬೇಕಂತೆ. ದಡದವರೆಗೆ ಹೋಗು, ನಾಯಿಯನ್ನು ಹಗ್ಗದಲ್ಲಿಟ್ಟುಕೋ, ಹಿಮದ ಮೇಲೆ ಯಾರೂ ಕಾಲಿಡಕೂಡದು ಎಂದಳು.

ದಡದಿಂದ ಹಕ್ಕಿಗೆ ಎಂಬತ್ತು ಗಜ. ದಡದ ಅಂಚಿನಲ್ಲಿ ಹಿಮ ಎರಡು ಬೆರಳು ದಪ್ಪವಿತ್ತು. ಇಂದುಶೇಖರ ಬೂಟಿನ ಹಿಮ್ಮಡಿಯಿಂದ ಒತ್ತಿದಾಗ ಬಿರುಕು ಗೆರೆಗೆರೆಯಾಗಿ ಓಡಿತು. ಒಳಗೆ ಅದು ಇನ್ನೂ ತೆಳು ಎಂಬುದಕ್ಕೆ ಅದರ ಬೂದುಬಣ್ಣವೇ ಸಾಕ್ಷಿ. ಹಕ್ಕಿ ಒಮ್ಮೆ ಎದ್ದು ಎರಡು ಹೆಜ್ಜೆಯಿಟ್ಟು ಮುಗ್ಗರಿಸಿತು. ಆಮೇಲೆ ಏಳಲಿಲ್ಲ. ತಲೆ ಮಾತ್ರ ನೆಟ್ಟಗಿತ್ತು.

ಅವನು ಪ್ರಾಣಿರಕ್ಷಣೆಯವರಿಗೆ ಫೋನ್ ಮಾಡಿದ. ಸರದಿಯಲ್ಲಿ ನೀವು ಇಪ್ಪತ್ತಮೂರನೆಯವರು ಎಂದು ಯಂತ್ರ ಹೇಳಿತು. ಪೋಸ್ಟ್‌ಕೋಡ್ ಕೇಳಿತು. ಹೊಲದ ಪೋಸ್ಟ್‌ಕೋಡ್ ಕೊಟ್ಟ. ಕೆರೆಗೆ ಪೋಸ್ಟ್‌ಕೋಡ್ ಇರಲಿಲ್ಲ. ಮನುಷ್ಯರ ದನಿ ಬಂದಾಗ ಅದು ಬಹಳ ಮರುಗಿತು, ಬಹಳ ವಿನಯದಿಂದ, ಹಿಮದ ಮೇಲೆ ತಮ್ಮವರನ್ನು ಕಳಿಸಲಾಗದು ಎಂದಿತು. ಕಾಲಿನ್‌ಗೆ ಫೋನ್ ಮಾಡಿದ. ಕಾಲಿನ್, ಆ ಕಡೆಗೆ ಹಾರುವ ಹಕ್ಕಿಗೆ ನೀನು ‘ಹೂಂ’ ಎಂದೆಯಾ ಎಂದು ಕೇಳಿದ.

“ಅನ್ನಲಿಲ್ಲ,” ಎಂದ ಇಂದುಶೇಖರ. “ಬೇಡ ಅಂತಲೂ ಅನ್ನಲಿಲ್ಲ.”

ಕಾಲಿನ್ ಫೋನ್ ಇಟ್ಟ. ಅದು ಬೈಗುಳಕ್ಕಿಂತ ಭಾರವಾಗಿತ್ತು.

ಹತ್ತೂವರೆಗೆ ಹೀದರ್ ಬಂದಳು. ಐವತ್ತರ ಆಸುಪಾಸಿನವಳು; ಉಣ್ಣೆಯ ಟೊಪ್ಪಿಗೆ, ಹೆಗಲಿನಲ್ಲಿ ಮುಕ್ಕಾಲಿಯ ಮೇಲಿಡುವ ದೂರದರ್ಶಕ. ಗದರುತ್ತಾಳೆಂದು ಇಂದುಶೇಖರ ಸಿದ್ಧನಾಗಿದ್ದ. ಅವಳು ಗದರಲಿಲ್ಲ. ದೂರದರ್ಶಕವನ್ನು ನಿಲ್ಲಿಸಿ, ಕಣ್ಣಿಟ್ಟು ಬಹಳ ಹೊತ್ತು ನೋಡಿ, ಎಡರೆಕ್ಕೆ ಮುರಿದಿದೆ, ಕಾಲಿಗೂ ಪೆಟ್ಟಾಗಿದೆ ಎಂದು ಹೇಳಿ ಪಕ್ಕಕ್ಕೆ ಸರಿದಳು.

ಇಂದುಶೇಖರ ನೋಡಿದ. ನೋಡಬಾರದಿತ್ತು ಎಂದು ಆಮೇಲೆ ಅನ್ನಿಸಿತು. ಎಂಬತ್ತು ಗಜದಾಚೆಯ ಕಂದು ಚುಕ್ಕೆ ಕೈಚಾಚಿದರೆ ಸಿಗುವಷ್ಟು ಹತ್ತಿರ ಬಂದು ಕುಳಿತಿತ್ತು. ಎದೆಯ ಒಂದೊಂದು ಗರಿಯ ಅಂಚೂ ಕಾಣುತ್ತಿತ್ತು. ಕೊಕ್ಕಿನ ಮೇಲೆ ಹಿಮದ ಪುಡಿ. ಕಣ್ಣು ತೆರೆದಿತ್ತು, ಆಗಾಗ ಕೆಳಗಿನ ರೆಪ್ಪೆ ಮೇಲೆ ಬಂದು ಮುಚ್ಚಿ ಮತ್ತೆ ತೆರೆಯುತ್ತಿತ್ತು. ಅದರ ಹೊಟ್ಟೆಯ ಕಾವಿಗೆ ಕೆಳಗಿನ ಹಿಮ ತುಸು ಕರಗಿ ಒದ್ದೆಯಾಗಿತ್ತು. ಅವನ ಬಲಗೈ ತಾನಾಗಿ ಮುಂದೆ ಚಾಚಿ, ಗಾಳಿಯಲ್ಲಿ ನಿಂತು, ಕೆಳಗಿಳಿಯಿತು.

ಅವನು ಒಂದೊಂದೇ ದಾರಿಯನ್ನು ಅವಳ ಮುಂದಿಟ್ಟ. ದೋಣಿ? ಹಿಮ ದೋಣಿಯನ್ನು ಹೊರುವಷ್ಟು ಗಟ್ಟಿಯಿಲ್ಲ, ದೋಣಿಗೆ ದಾರಿ ಬಿಡುವಷ್ಟು ಮೆದುವೂ ಇಲ್ಲ. ರೈಫಲ್ ಇರುವ ಯಾರನ್ನಾದರೂ ಕರೆಸಿದರೆ? ಹಿಮಕ್ಕೆ ತಾಗಿದ ಗುಂಡು ಎತ್ತ ಸಿಡಿಯುವುದೋ ಗೊತ್ತಿಲ್ಲ, ಎದುರು ದಡದಲ್ಲಿ ಜನ ಓಡಾಡುವ ಕಾಲುದಾರಿ. ಮೇಲಾಗಿ ಕೆರೆಯ ಮೇಲೆಯೇ ಗುಂಡು ಹಾರಿದರೆ ಆ ಒಂದು ಸದ್ದಿಗೆ ನಾನೂರು ಹಕ್ಕಿಗಳು ಏಳುತ್ತವೆ. ಈ ಚಳಿಯಲ್ಲಿ ಹಾರುವುದಕ್ಕೆ ಅವು ವೆಚ್ಚ ಮಾಡುವ ಕಸುವು ಮತ್ತೆ ಮೇವಿನಿಂದ ತುಂಬುವುದಿಲ್ಲ, ಏಕೆಂದರೆ ಮೇವೆಲ್ಲ ಹಿಮದಡಿಯಲ್ಲಿದೆ. ಅಗ್ನಿಶಾಮಕದವರು? ನಾಯಿ ಬಿದ್ದರೆ ಬರುತ್ತಾರೆ, ಬಾತಿಗೆ ಬರುವುದಿಲ್ಲ. ಪ್ರತಿಯೊಂದು ಉತ್ತರವೂ ಸರಿಯಾಗಿತ್ತು. ಅವಳ ಜಾಗದಲ್ಲಿದ್ದರೆ ಅವನೂ ಅದನ್ನೇ ಹೇಳುತ್ತಿದ್ದ.

ಇಷ್ಟು ಹೊತ್ತೂ ಮೃತ್ಯುಂಜಯರು ಸ್ವಲ್ಪ ದೂರದಲ್ಲಿ ಮಲ್ಲಿಯ ಹಗ್ಗ ಹಿಡಿದು ನಿಂತಿದ್ದರು. ಮೊದಲು ಅವರು, ಒಂದು ಹಕ್ಕಿಗೆ ಇಷ್ಟು ಪಂಚಾಯಿತಿಯೇ ಎಂದು ಗೊಣಗಿದ್ದರು. ಮನೆಯಿಂದ ನಾಗಮಣಿ ಫೋನ್ ಮಾಡಿ ಊಟಕ್ಕೆ ಎಷ್ಟು ಹೊತ್ತಿಗೆ ಬರುತ್ತೀರಿ ಎಂದಾಗ, ನಿನ್ನ ತಮ್ಮ ಇಲ್ಲಿ ಹೆಪ್ಪುಗಟ್ಟಿದ್ದಾನೆ ಎಂದು ನಗೆಯಾಡಿದ್ದರು. ಆಮೇಲೆ ಹೀದರ್ ಸನ್ನೆಯಿಂದ ಕರೆದಾಗ ಅವರೂ ಬಂದು ದೂರದರ್ಶಕಕ್ಕೆ ಕಣ್ಣಿಟ್ಟರು. ಬಹಳ ಹೊತ್ತು ಬಾಗಿಯೇ ಇದ್ದರು. ನೆಟ್ಟಗಾದವರು ಯಾರ ಮುಖವನ್ನೂ ನೋಡದೆ ತಮ್ಮ ಜಾಗಕ್ಕೆ ಹಿಂತಿರುಗಿದರು. ಆಮೇಲೆ ಗೊಣಗಲಿಲ್ಲ.

ತಪ್ಪಾಗಿದೆಯೆಂದು ಬಾಯಿಂದ ಹೇಳುವ ಅಭ್ಯಾಸ ಅವರಿಗಿರಲಿಲ್ಲ. ಜೀವಮಾನವಿಡೀ ಆದೇಶ ಕೊಟ್ಟು ಕೆಲಸ ಮಾಡಿಸಿದವರು. ತಪ್ಪನ್ನು ತಿದ್ದಲಿಕ್ಕೂ ಅವರಿಗೆ ಗೊತ್ತಿದ್ದ ದಾರಿ ಅದೊಂದೇ. ಇಂದುಶೇಖರನೂ ಹೀದರಳೂ ಕೆರೆಗೆ ಬೆನ್ನುಮಾಡಿ ಕಾಗದವೊಂದನ್ನು ನೋಡುತ್ತಿದ್ದಾಗ ಹಿಂದಿನಿಂದ ಅವರ ದನಿ ಕೇಳಿತು, ಮೆಲ್ಲಗೆ, ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ಇಂದುಶೇಖರ ಎಂದೂ ಕೇಳಿರಲಿಲ್ಲ.

“ಹೋಗವ್ವಾ ಮಲ್ಲಿ. ತಗೊಂಡ್ ಬಾ.”

ಬೆಳಗಿನಿಂದ ಆ ಎರಡು ಮಾತಿಗಾಗಿ ಮೈಯೆಲ್ಲ ಕಿವಿಯಾಗಿ ನಿಂತಿದ್ದ ನಾಯಿ, ಅವರು ಹಗ್ಗ ಬಿಚ್ಚಿದ್ದೇ ತಡ, ಬಿಟ್ಟ ಬಾಣದಂತೆ ಹೋಯಿತು.

“ಬೇಡ್ರಿ ಭಾವ! ಮಲ್ಲೀ, ನಿಲ್ಲು!”

ಆ ಕೂಗು ತನ್ನದೇ ಎಂದು ಇಂದುಶೇಖರನಿಗೆ ಒಂದು ಕ್ಷಣ ತಿಳಿಯಲಿಲ್ಲ. ನಾಯಿ ಇಪ್ಪತ್ತು ಗಜ ಹೋಗಿತ್ತು. ಅದು ನಿಂತಿತು. ನಿಂತಲ್ಲೇ ಅದರ ಹಿಂಗಾಲುಗಳ ಕೆಳಗೆ ಹಿಮ ಕುಸಿಯಿತು. ಸೊಂಟದವರೆಗೆ ಕಪ್ಪು ನೀರಿಗಿಳಿದ ಮಲ್ಲಿ ಮುಂಗಾಲುಗಳನ್ನು ಹಿಮದ ಮೇಲೆ ಚೆಲ್ಲಿ, ಒಡೆಯನ ಕಡೆಗೆ ತಿರುಗಿ ನೋಡಿತು. ಅವನು ದಡದಲ್ಲಿ ಹೊಟ್ಟೆಯ ಮೇಲೆ ಮಲಗಿ, ಕೈಚಾಚಿ, ದನಿ ನಡುಗದಂತೆ ಹಲ್ಲುಕಚ್ಚಿ, ಬಾ, ಬಾ, ನಿಧಾನ ಬಾ ಎಂದು ಕರೆಯುತ್ತ ಹೋದ. ಉಗುರುಗಳು ಕೆರೆದ ಸದ್ದು, ಹಿಮ ಮುರಿದ ಸದ್ದು, ಮತ್ತೆ ಉಗುರುಗಳು. ಎಷ್ಟು ಹೊತ್ತೋ. ಕೊನೆಗೆ ಕುತ್ತಿಗೆಯ ಪಟ್ಟಿ ಅವನ ಬೆರಳಿಗೆ ಸಿಕ್ಕಿತು.

ಅವನು ತಲೆಯೆತ್ತಿದಾಗ ಆಕಾಶ ಕಪ್ಪಾಗಿತ್ತು. ನಾನೂರು ಬಾತುಗಳೂ ಎದ್ದಿದ್ದವು. ರೆಕ್ಕೆಗಳ ಸಿಳ್ಳೆ ಕೆರೆಯ ಮೇಲೆಲ್ಲ ಸುತ್ತುತ್ತಿತ್ತು. ತುದಿಯ ಆ ಕಪ್ಪು ನೀರು ಖಾಲಿಯಾಗಿ, ಕದಲದೆ ಬಿದ್ದಿತ್ತು. ಗಾಯಗೊಂಡ ಹಕ್ಕಿ ತನ್ನ ಜೊತೆಯವು ಎದ್ದ ಕಡೆಗೆ ಕತ್ತು ಚಾಚಿ, ಬಲರೆಕ್ಕೆಯೊಂದನ್ನೇ ಬಡಿದು, ಸುಮ್ಮನಾಯಿತು.

ಮೃತ್ಯುಂಜಯರು ಖಾಲಿ ಹಗ್ಗ ಹಿಡಿದು ನಿಂತೇ ಇದ್ದರು. ತಮಗೆ ಎದುರು ಕೂಗಿದ ಭಾವಮೈದುನನನ್ನು ಅವರು ಒಂದು ಸಲ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಇಂದುಶೇಖರನಿಗೆ ಹಗುರವಾಗುತ್ತಿತ್ತು. ಬೆಳಗ್ಗೆ, ಕೋವಿ ಹೆಗಲಿಗೇರಿದಾಗಲೇ, ಆ ಮಾತು ಯಾಕೆ ಬರಲಿಲ್ಲ ಎಂದು ಅವರೂ ಕೇಳುತ್ತಿದ್ದಂತಿತ್ತು.

ಹೀದರ್ ಕೈಗಡಿಯಾರ ನೋಡಿಕೊಂಡಳು. ಅವಳ ಮುಖ ಬಿಳಿಚಿತ್ತು, ಮಾತು ಮಾತ್ರ ಮೆತ್ತಗಿತ್ತು.

“ನೀವು ಹೊರಡಬೇಕು,” ಎಂದಳು. “ಮನುಷ್ಯರು ಕಾಣುತ್ತಿರುವಷ್ಟು ಹೊತ್ತು ಅವು ಇಳಿಯುವುದಿಲ್ಲ. ಅವು ಇಳಿಯದಿದ್ದರೆ ಕತ್ತಲಾಗುವುದರೊಳಗೆ ಆ ನೀರೂ ಹೆಪ್ಪಾಗುತ್ತದೆ.”

“ನಾನೊಬ್ಬನಾದರೂ ಇರುತ್ತೇನೆ. ಮರೆಯಲ್ಲಿ ಕೂರುತ್ತೇನೆ, ಅಲ್ಲಾಡುವುದಿಲ್ಲ.” ತನಗಾಗಿ ಬೇಡುತ್ತಿದ್ದೇನೆ ಎಂದು ಅವನಿಗೇ ಗೊತ್ತಾಗುತ್ತಿತ್ತು. “ಅದನ್ನು ಹಾಗೇ ಬಿಟ್ಟು ಹೋಗಲಾರೆ.”

“ನೀನಿದ್ದು ಅದಕ್ಕೇನು ಉಪಯೋಗ?”

ಅವಳು ಚುಚ್ಚಲೆಂದು ಕೇಳಿದ್ದಲ್ಲ. ಅವನಿಗೆ ಏನಾದರೂ ಉತ್ತರ ತಿಳಿದಿದ್ದರೆ ಹೇಳಲಿ ಎಂದು ಕಾದಳು. ಒಳದಾರಿಯ ತಿರುವಿನ ಒಡೆದ ವಿಲೋ ಮರದ ಮೇಲೆ ಗಾಯಗೊಂಡ ಹಕ್ಕಿಗಳನ್ನು ಕುಕ್ಕಿ ತಿನ್ನುವ ಕರಿಬೆನ್ನಿನ ದೊಡ್ಡ ಗಲ್ ಹಕ್ಕಿಯೊಂದು ಬಂದು ಕುಳಿತಿದ್ದುದನ್ನು ಇಬ್ಬರೂ ನೋಡಿದರು.

ಅವಳು ಆ ಕಾಗದವನ್ನು ಚಾಚಿದಳು. ಬೇಟೆಯ ಕೂಟದವರು ತುಂಬಿಕೊಡಬೇಕಾದ ವರದಿ: ದಿನಾಂಕ, ಹಕ್ಕಿಯ ಜಾತಿ, ಗಾಯಗೊಂಡು ದೊರೆಯದೆ ಹೋದವು, ಸದಸ್ಯನ ಹೆಸರು. ಬೆರಳುಗಳು ಮರಗಟ್ಟಿ ಅಕ್ಷರಗಳು ಅಡ್ಡಾದಿಡ್ಡಿಯಾದವು. ಮೃತ್ಯುಂಜಯರು ಹತ್ತಿರ ಬಂದು ಬಗ್ಗಿ ನೋಡಿದರು.

“ನನ್ನ ಹೆಸರು ಬರಿ. ಹೊಡದಾಂವ ನಾನು.”

“ಅತಿಥಿಗಳ ಹೆಸರಿಗೆ ಜಾಗ ಇಲ್ರಿ ಭಾವ.”

“ಇಲ್ಲ ಅಂದ್ರ? ಎಲ್ಲ್ಯರೆ ಒಂದು ಮೂಲ್ಯಾಗ ಬರಿ.”

“ಬರದ್ರೂ ಅವರು ಓದಂಗಿಲ್ಲರಿ.”

ಮೃತ್ಯುಂಜಯರು ಆ ಕಾಗದವನ್ನು ಕೈಗೆ ತೆಗೆದುಕೊಂಡು ಮೇಲಿನಿಂದ ಕೆಳಗೆ, ಮತ್ತೆ ಕೆಳಗಿನಿಂದ ಮೇಲೆ ನೋಡಿದರು. ಎಷ್ಟೋ ಕೆರೆಗಳ ಕಾಗದಪತ್ರಗಳಿಗೆ ರುಜು ಹಾಕಿದ ಕೈ ಅದು. ಕೊನೆಗೆ ಏನೂ ಬರೆಯದೆ ಹೀದರಳಿಗೆ ಹಿಂದಿರುಗಿಸಿದರು.

ಕಾರಿನ ಹತ್ತಿರ ಅವರು ಮುಂದಿನ ಬಾಗಿಲನ್ನು ಬಿಟ್ಟು ಹಿಂದಿನ ಬಾಗಿಲು ತೆರೆದರು. ನಾಯಿಯನ್ನು ಮನೆಯೊಳಗೆ ಬಿಟ್ಟುಕೊಂಡಿದ್ದಕ್ಕೇ ಮೂರು ವಾರ ಮೂಗು ಮುರಿದಿದ್ದವರು ಈಗ ನಡುಗುತ್ತಿದ್ದ ಮಲ್ಲಿಯ ಪಕ್ಕದಲ್ಲಿ ಕುಳಿತು, ಹೆಗಲಿನ ಶಾಲು ತೆಗೆದು, ಅದರ ಬೆನ್ನು, ಹೊಟ್ಟೆ, ಕಾಲಸಂದುಗಳನ್ನು ಒಂದೊಂದಾಗಿ ಒರೆಸತೊಡಗಿದರು. ಬೆಳಗ್ಗೆ ಬಿದ್ದ ಗಂಡುಬಾತು ಅವರ ಪಾದಗಳ ಬಳಿ ಚೀಲದಲ್ಲಿತ್ತು. ಯಾರೂ ಅದರ ಕಡೆ ನೋಡಲಿಲ್ಲ.

ಇಂದುಶೇಖರ ಒಳಗೆ ಕುಳಿತು ಬೀಗದಕೈ ತಿರುಗಿಸಿದ. ಮುಳ್ಳುಪೊದೆಗಳ ಸಾಲಿನಿಂದಾಗಿ ಇಲ್ಲಿಂದ ಹಿಮ ಕಾಣುತ್ತಿರಲಿಲ್ಲ. ಆಕಾಶ ಕಾಣುತ್ತಿತ್ತು. ಬಾತುಗಳು ಇನ್ನೂ ಸುತ್ತುತ್ತಿದ್ದವು. ಗುಂಪು ತಗ್ಗಿ ಬಂದು, ಹೊಲದಂಚಿನಲ್ಲಿ ನಿಂತ ಕಾರನ್ನು ಕಂಡು, ಮತ್ತೆ ಮೇಲೇರುತ್ತಿತ್ತು.

“ಇಂದೂ,” ಎಂದರು ಹಿಂದಿನಿಂದ. ಶಾಲು ಉಜ್ಜುವ ಕೈ ನಿಂತಿರಲಿಲ್ಲ. “ನಾವು ಬರೂವಾಗ ಅದು ಇನ್ನಾ ತಲೀ ಎತ್ತಿತ್ತೇನೋ?”

“ಎತ್ತಿತ್ತರಿ.”

ಮೇಲೆ ಗುಂಪು ಇನ್ನೊಂದು ಸುತ್ತು ಹಾಕಿ ತಗ್ಗಿತು, ಕಾರಿನ ಮೇಲಿಂದ ಹಾದು ಮತ್ತೆ ಏರಿತು. ಕಾರು ಅಲ್ಲಿ ನಿಂತಷ್ಟು ಹೊತ್ತೂ ಅವು ಇಳಿಯುವಂತಿರಲಿಲ್ಲ. ಇಂದುಶೇಖರ ಗೇರ್ ಹಾಕಿದ.